ಹಿತ್ತಲಿನ ಪುರುಷರತ್ನ

ಚಳ್ಳಕೆರೆ
೧೮ ಜುಲೈ ೧೯೯೩
(ಕಾರ್ಡು ೧)

ದಾಕ್ಷಾಯಿಣಿ,

ಕಾರ್ಡು ಬೇಡ, ಇನ್‌ಲ್ಯಾಂಡ್ ಬರಿ ಎಂದು ಮತ್ತೆ ಕೇಳಿದ್ದೀಯ. ಸೀರೆ ವ್ಯಾಪಾರದವರ ಮನೆ ಸೇರಿದ ಮೇಲೆ ಅಣ್ಣನ ಕಾರ್ಡು ನಿನಗೆ ಬಡವಾಗಿ ಕಾಣುತ್ತಿರಬೇಕು. ನಮ್ಮಪ್ಪ ಇಡೀ ಶೇಂಗಾ ಮಂಡಿಯನ್ನು ಕಾರ್ಡಿನ ಮೇಲೇ ನಡೆಸಿದರು. ಅಂಚೆಯವನು ಓದಿದರೆ ಓದಲಿ, ಅವನಿಗೂ ಬೇಸರ ಕಳೆಯುತ್ತದೆ. ಜಾಗ ಸಾಲದಿದ್ದರೆ ಎರಡು ಕಾರ್ಡು ಬರೆದು ನಂಬರು ಹಾಕುತ್ತೇನೆ. ಇವತ್ತೂ ಹಾಗೇ ಮಾಡಿದ್ದೇನೆ.

ವಾಚನಾಲಯದ ಮುಂದಿದ್ದ ಎರಡು ಹೊಂಗೆ ಮರ ಕಡಿಸಿದರು. ನೀನು ಹತ್ತಿ ಬಿದ್ದು ಮೊಣಕೈ ಮುರಿದುಕೊಂಡದ್ದು ಅದರಲ್ಲೊಂದರಿಂದ. ಆ ಜಾಗದಲ್ಲಿ ಸಿಮೆಂಟಿನ ಕುಂಡ ಇಟ್ಟು ಕ್ರೋಟನ್ ನೆಟ್ಟಿದ್ದಾರೆ. ಕಡಿಸಿದವರು ಯಾರು, ಸೌದೆ ಯಾರ ಮನೆಗೆ ಹೋಯಿತು, ಎಲ್ಲ ನನಗೆ ಗೊತ್ತು. ಪತ್ರಿಕೆಗೆ ಬರೆದೆ, ಹಾಕಲಿಲ್ಲ. ಆ ಸಿಟ್ಟಿನಲ್ಲಿ ಊರಾಚೆಯ ಕಾವಲಿನ ಕಡೆ ನಡೆದು ಹೋದೆ. ದನ ಮೇಯುವ ಹುಲ್ಲಿನ ನಡುವೆ ಒಂದು ಹೂ ಕಂಡಿತು.

(ಕಾರ್ಡು ೨)

ಗೇಣುದ್ದದ ಗಿಡ. ನಸುನೇರಳೆ ಬಣ್ಣದ ಒಂದೇ ಎಸಳು, ಮಗು ನಾಲಿಗೆ ಚಾಚಿದ ಹಾಗೆ. ಉಳಿದ ಎಸಳುಗಳು ಇದ್ದೂ ಇಲ್ಲದಷ್ಟು ಸಣ್ಣವು. ಕಾಲೇಜಿನ ಲೈಬ್ರರಿಯಲ್ಲಿ ಸಸ್ಯಶಾಸ್ತ್ರದ ಪುಸ್ತಕ ತಿರುವಿದೆ. ಇದು ವಯೊಲೆಟ್ ಕುಲದ್ದಂತೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪದ್ಯದ ವಯೊಲೆಟ್ಟನ್ನು ನಾವು ಬಾಯಿಪಾಠ ಮಾಡಿದೆವು. ಮೇಷ್ಟ್ರೂ ಅದನ್ನು ಕಂಡವರಲ್ಲ, ನಾವೂ ಕಂಡವರಲ್ಲ. ಅದರ ದಾಯಾದಿ ಅಷ್ಟು ವರ್ಷವೂ ನಮ್ಮ ಚಪ್ಪಲಿಯ ಕೆಳಗೇ ಇತ್ತು. ಇದಕ್ಕೆ ನಮ್ಮ ಭಾಷೆಯಲ್ಲಿ ಹೆಸರು ಇದ್ದೇ ಇರಬೇಕು. ನಿಮ್ಮೂರಿನಲ್ಲಿ ವಿಚಾರಿಸಿ ತಿಳಿಸು.

ಬೀಜವನ್ನು ಬಸ್ಸಿನ ಕಂಡಕ್ಟರನ ಕೈಲಿ ಕಳಿಸಿದ್ದೇನೆ. ಗೊಬ್ಬರ ಹಾಕಬೇಡ. ಕಾಡಿನದಕ್ಕೆ ಮುದ್ದು ಮಾಡಿದರೆ ಎಲೆ ಬೆಳೆದು ಹೂ ಕಡಿಮೆಯಾಗುತ್ತದೆ. ಗರಸು ಮಣ್ಣೇ ಇರಲಿ, ಸುತ್ತ ಸ್ವಲ್ಪ ಹುಲ್ಲನ್ನೂ ಬಿಡು. ಕಾಯಿ ಒಣಗಿ ಮೂರು ಸೀಳಾಗಿ ಸಿಡಿದು ಬೀಜ ಹಾರುತ್ತದೆ. ಒಮ್ಮೆ ಬಂದರೆ ನೀನು ಬೇಡವೆಂದರೂ ಹೋಗುವುದಿಲ್ಲ.

ಓಂಕಾರಮೂರ್ತಿ


ಮೊಳಕಾಲ್ಮೂರು
೯ ಆಗಸ್ಟ್ ೧೯೯೩

ಅಣ್ಣಾ,

ಮನೆಯವರೆಲ್ಲ ಉಂಡೆದ್ದಿದ್ದಾರೆ, ನನಗೆ ಸ್ವಲ್ಪ ಬಿಡುವು. ನಾವೆಲ್ಲ ಕ್ಷೇಮ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬೀಜ ಹಾಕಿದೆ. ಮೊಳಕೆ ಬಂದಿದೆ. ಅತ್ತೆಯವರು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು. "ಮುಡಿಯಾಕೂ ಬರಲ್ಲ, ಲಿಂಗಕ್ಕೆ ಏರ್ಸಾಕೂ ಬರಲ್ಲ. ಯಾತಕ್ಕೆ ಬೇಕಾಗೈತೆ ಈ ಕಸ?" ಅಂದರು. ನಿನ್ನ ಅಣ್ಣ ಕಳಿಸಿದ್ದು ಅಂದಮೇಲೆ ಕಸವೇ ಇರಬೇಕು ಅಂತಲೂ ಅಂದರು. ನಗಬೇಡ.

ಪಕ್ಕದ ಮನೆಯ ಪಾತಮ್ಮ ಗಿಡ ನೋಡಿ ತೆಲುಗಿನಲ್ಲಿ ಏನೋ ಹೆಸರು ಹೇಳಿ ಸೆರಗು ಬಾಯಿಗಿಟ್ಟು ನಕ್ಕಳು. ಏನು ಹೆಸರೋ, ಮರೆತುಹೋಯಿತು.

ನೀನು ಕೇಳಿದ್ದೆಯಲ್ಲ, ಬಳ್ಳಾರಿಯ ಡಾಕ್ಟರಮ್ಮನ ಹತ್ತಿರ ಹೋಗಿಬಂದೆವು. ನನ್ನಲ್ಲಿ ದೋಷವಿಲ್ಲ, ಮುಂದಿನ ಸಲ ಯಜಮಾನರನ್ನು ಕರೆತನ್ನಿ ಅಂದರು. ಅತ್ತೆಯವರು ಹೊರಗೆ ಬಂದು "ನಮ್ಮ ವಂಶದಾಗೆ ಗಂಡಸ್ರನ್ನ ಯಾರೂ ಪರೀಕ್ಷೆ ಮಾಡಿಲ್ಲ" ಅಂದರು. ಇವರು ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಿದ್ದರು. ಮದುವೆಯಾಗಿ ಹನ್ನೊಂದು ವರ್ಷವಾಯಿತಲ್ಲ, ಅತ್ತೆಯವರಿಗೆ ತಾಳ್ಮೆ ಮುಗಿದಿದೆ. ತಳಕಿನಲ್ಲಿರುವ ಅವರ ತಮ್ಮನ ಮಗಳು ಶಿವರಂಜನಿಯನ್ನು ತಂದುಕೊಳ್ಳುವ ಮಾತು ನಡೆದಿದೆ. ಇವರು ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ.

ಇದಕ್ಕೆ ಉತ್ತರ ಬರೆಯಬೇಡ ಅಣ್ಣಾ. ಅಂಚೆ ಮೊದಲು ಅಂಗಡಿಗೆ ಬರುತ್ತದೆ. ಅತ್ತೆಯವರಿಗೆ ಓದಲು ಬರುವುದಿಲ್ಲ, ಗುಮಾಸ್ತ ಕಲ್ಲೇಶಪ್ಪನವರ ಕೈಲಿ ಓದಿಸುತ್ತಾರೆ. ಹೂವಿನ ವಿಷಯ ಮಾತ್ರ ಬರಿ.

ದಾಕ್ಷಾಯಿಣಿ


ಚಳ್ಳಕೆರೆ
೩೦ ಆಗಸ್ಟ್ ೧೯೯೩
(ಕಾರ್ಡು)

ದಾಕ್ಷಾಯಿಣಿ,

ಆಯಿತು. ಹೂವಿನ ವಿಷಯ ಮಾತ್ರ.

ನಮ್ಮ ಅಂಗಳದಲ್ಲೂ ಹಾಕಿದ್ದೇನೆ. ನಿನ್ನ ಅತ್ತಿಗೆ ಸುಲೋಚನ ಮೊದಲು ಕಳೆ ಎಂದು ಅರ್ಧ ಕಿತ್ತಳು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಗಂಟೆ ಹೋದದ್ದು ತಿಳಿಯುವುದಿಲ್ಲ. ಈ ಹೂವನ್ನು ನಿಂತು ನೋಡಲಾಗುವುದಿಲ್ಲ, ಬಗ್ಗಲೇಬೇಕು. ನಮ್ಮೂರಿನ ದೊಡ್ಡ ಮನುಷ್ಯರಿಗೆ ಇದು ಯಾಕೆ ಕಾಣಲಿಲ್ಲವೆಂದು ಈಗ ಅರ್ಥವಾಯಿತು.

ಮರೆತುಹೋಯಿತು ಎಂದು ಬರೆಯಲು ನಾಚಿಕೆಯಾಗಬೇಕು ನಿನಗೆ. ಗಿಡ ಹೋದಮೇಲೆ ಬೇರೆ ಗಿಡ ಸಿಕ್ಕೀತು, ಹೆಸರು ಹೋದರೆ ಯಾರ ಹತ್ತಿರ ಹೋಗಿ ಕೇಳುವುದು? ಪಾತಮ್ಮನನ್ನು ಮತ್ತೆ ಕೇಳು.

ಓಂ


ಮೊಳಕಾಲ್ಮೂರು
೨ ಅಕ್ಟೋಬರ್ ೧೯೯೩

ಅಣ್ಣಾ,

ಹೂ ಬಂತು. ನೀರೊಲೆಗೆ ಉರಿ ಹಾಕಿ, ಹಂಡೆ ಕಾಯುವವರೆಗೆ ಅದರ ಪಕ್ಕ ಕೂರುತ್ತೇನೆ. ನೀನು ಹೇಳಿದಂತೆ ಮಗು ನಾಲಿಗೆ ಚಾಚಿದ ಹಾಗೇ ಇದೆ. ಆ ಮಾತನ್ನು ಕಲ್ಲೇಶಪ್ಪನವರು ಗಟ್ಟಿಯಾಗಿ ಓದಿದ್ದರು. ಅವತ್ತು ಮಧ್ಯಾಹ್ನ ಅತ್ತೆಯವರು ಉಣ್ಣಲಿಲ್ಲ.

ಒಂದು ವಿಷಯ ಕೇಳಬೇಕಿತ್ತು. ಗಿಡಗಳು ಒಂದೊಂದೇ ಕಾಣೆಯಾಗುತ್ತಿವೆ. ಸಂಜೆ ಇದ್ದದ್ದು ಬೆಳಿಗ್ಗೆ ಇರುವುದಿಲ್ಲ, ಬೇರು ಸಮೇತ ಹೋಗಿರುತ್ತದೆ. ಕಿತ್ತ ಜಾಗದಲ್ಲಿ ಗುಂಡಿಯೂ ಇರುವುದಿಲ್ಲ, ಮಣ್ಣು ಸಮ ಮಾಡಿರುತ್ತದೆ. ಇದು ಯಾವ ಹುಳ?

ಶಿವರಂಜನಿ ಬಂದು ನಾಲ್ಕು ದಿನ ಇದ್ದು ಹೋದಳು. ಒಳ್ಳೆಯ ಹುಡುಗಿ. ನನ್ನ ತಲೆ ಬಾಚಿದಳು.

ದಾಕ್ಷಾಯಿಣಿ


ಚಳ್ಳಕೆರೆ
೨೦ ಅಕ್ಟೋಬರ್ ೧೯೯೩
(ಕಾರ್ಡು)

ದಾಕ್ಷಾಯಿಣಿ,

ಹುಳವೆಂದು ಹೆದರಬೇಡ. ಕಿತ್ತಳೆ ಬಣ್ಣದ ಒಂದು ಚಿಟ್ಟೆ ಈ ಗಿಡದ ಮೇಲೆ ಮೊಟ್ಟೆ ಇಡುತ್ತದೆ. ಮರಿ ಮೈತುಂಬ ಮುಳ್ಳಿನ ಕಂಬಳಿಹುಳ. ಸೊಪ್ಪು, ಹೂ, ಎಳೆ ಕಾಂಡ, ಎಲ್ಲ ತಿಂದು ಮುಗಿಸುತ್ತದೆ. ಔಷಧಿ ಹೊಡೆಯಲೇ ಕೂಡದು. ನಮ್ಮ ಜನಕ್ಕೆ ಚಿಟ್ಟೆ ಬೇಕು, ಹುಳ ಬೇಡ. ತಿನ್ನುವುದು ತಿನ್ನಲಿ, ನೀನು ಇನ್ನಷ್ಟು ಬಿತ್ತು. ಬೀಜ ಕಳಿಸುತ್ತಿದ್ದೇನೆ.

ಹೆಸರು?

ಓಂ


ಮೊಳಕಾಲ್ಮೂರು
೧೨ ಡಿಸೆಂಬರ್ ೧೯೯೩

ಅಣ್ಣಾ,

ಬೀಜ ಮುಟ್ಟಿತು. ಸಾಲದು, ಇನ್ನೂ ಕಳಿಸು.

ಕಲ್ಲಿನ ಪಕ್ಕದ ಜಾಗ ತುಂಬಿತು. ಎಣ್ಣೆ ಡಬ್ಬ, ಒಡೆದ ಹರವಿ, ಬಣ್ಣದವರು ಎಸೆದ ತಗಡಿನ ಡಬ್ಬಿ, ಸಿಕ್ಕಿದ್ದರಲ್ಲೆಲ್ಲ ಗರಸು ತುಂಬಿ ಹಾಕಿದ್ದೇನೆ. ಮಳೆ ನಿಂತಿದೆ, ಪಾತ್ರೆ ತೊಳೆದ ನೀರು ಕೊಡುತ್ತೇನೆ. ಈಗ ಹುಳದ ಚಿಂತೆ ನನಗಿಲ್ಲ. ಒಂದು ಹೋದರೆ ಎರಡು ಹಾಕುತ್ತೇನೆ.

ಮೊನ್ನೆ ಇವರು ಸ್ನಾನಕ್ಕೆ ಹೋಗುವ ಮೊದಲು ಬಂದು ಒಗೆಯುವ ಕಲ್ಲಿನ ಮೇಲೆ ಕೂತರು. "ಇದಕ್ಕೆ ದಿನಾ ನೀರು ಬೇಕೇನೇ?" ಅಂದರು. ಬೇಕು ಅಂದೆ. "ನಾನು ಹಾಕ್ತೀನಿ ಬಿಡು, ನಿನಗೆ ಸೊಂಟ ನೋವು" ಅಂದರು. ರೇಷ್ಮೆ, ಜರಿ, ಕೂಲಿ ಬಿಟ್ಟು ಅವರು ನನ್ನ ಹತ್ತಿರ ಮಾತಾಡಿದ್ದು ಎಷ್ಟೋ ವರ್ಷದ ಮೇಲೆ. ತಳಕಿನ ಮಾತು ಬಂದಾಗ "ಯುಗಾದಿ ಕಳೀಲಿ ಬಿಡವ್ವ, ಏನ್ ಅವಸರ ಐತೆ" ಅಂದರಂತೆ.

ನನಗೆ ಈಗ ಇರುವ ಆಸೆ ಒಂದೇ, ಯುಗಾದಿಯವರೆಗೆ ಈ ಗಿಡಗಳು ಒಣಗಬಾರದು.

ದಾಕ್ಷಾಯಿಣಿ


ಚಳ್ಳಕೆರೆ
೬ ಫೆಬ್ರವರಿ ೧೯೯೪
(ಕಾರ್ಡು ೧)

ದಾಕ್ಷಾಯಿಣಿ,

ನಿನಗೆ ಗಿಡದ ಹುಚ್ಚು ಹಿಡಿದದ್ದು ನೋಡಿ ಸಂತೋಷವಾಯಿತು. ಮನಸ್ಸಿಗೆ ಬೇರೆ ಆಲೋಚನೆ ಬರದಂತೆ ಮಾಡುವ ಕೆಲಸ ಇದೊಂದೇ.

ಆದರೆ ನಿನ್ನ ಕಳ್ಳ ಹುಳವಲ್ಲ. "ಮಣ್ಣು ಸಮ ಮಾಡಿರುತ್ತದೆ" ಎಂದು ನೀನು ಬರೆದದ್ದು ತಡವಾಗಿ ತಲೆಗೆ ಹತ್ತಿತು. ಹುಳಕ್ಕೆ ಅಂಗೈ ಇಲ್ಲ. ಮೊನ್ನೆ ಕಾವಲಿಗೆ ಹೋದರೆ ಅಲ್ಲೂ ನೆಲವೆಲ್ಲ ಕೆದರಿತ್ತು. ನಾರುಬೇರು ಕೊಳ್ಳುವ ಯಾರೋ ಕೂಲಿಯವರನ್ನು ಬಿಟ್ಟು ಗಿಡ ಕೀಳಿಸಿ ಗೋಣಿ ತುಂಬಿಸುತ್ತಿದ್ದಾರೆ. ಬೇರು ಸಮೇತ ಕಿತ್ತರೆ ಬೀಜ ಎಲ್ಲಿಂದ ಬರಬೇಕು ಎಂದು ಕೇಳುವವರಿಲ್ಲ. ನಿಮ್ಮ ಹಿತ್ತಲ ಗೋಡೆ ಗಿಡ್ಡ. ಆ ಪೈಕಿ ಒಬ್ಬ ಹಾರಿ ಬರುತ್ತಿರಬೇಕು. ಇಷ್ಟೆಲ್ಲ ಯಾಕೆ ಕೀಳುತ್ತಾರೆ ಎಂಬುದೂ ತಿಳಿಯಿತು. ಇನ್ನೊಂದು ಕಾರ್ಡು ನೋಡು.

(ಕಾರ್ಡು ೨)

ಹೆಸರು ಸಿಕ್ಕಿತು. ನೀನು ಹುಡುಕಲಿಲ್ಲ, ನಾನೇ ಹುಡುಕಿದೆ. ತಳಕಿನಲ್ಲಿ ನಾಟಿ ಔಷಧಿ ಕೊಡುವ ಮುದುಕರೊಬ್ಬರು ಕಂಡ ಕೂಡಲೇ ಹೇಳಿದರು: ಪುರುಷರತ್ನ. ಗಂಡಸುತನ ಕುಂದಿದವರಿಗೆ, ಮಕ್ಕಳಾಗದ ಗಂಡಸರಿಗೆ ಇದನ್ನು ಬೇರು ಸಮೇತ ಅರೆದು ಹಾಲಿನಲ್ಲಿ ಬರಿಹೊಟ್ಟೆಗೆ ಕೊಡುತ್ತಾರಂತೆ. ಗುಣವಾಗುತ್ತದೋ ಇಲ್ಲವೋ ದೇವರೇ ಬಲ್ಲ, ಹೆಸರಂತೂ ಗಟ್ಟಿಯಾಗಿದೆ.

ಆದ್ದರಿಂದ ನಿಮ್ಮ ಹಿತ್ತಲಿನ ಕಳ್ಳ ಯಾರೆಂದು ಹುಡುಕಲು ಹೋಗಬೇಡ. ಬೆಳಗಾಗುವ ಮೊದಲು ಬಂದು ಗಿಡ ಕೀಳುತ್ತಿರುವವನು ಯಾರೋ ಬಡಪಾಯಿ ಪುರುಷರತ್ನ. ಕಿತ್ತುಕೊಳ್ಳಲಿ ಬಿಡು. ಅವನ ಕಷ್ಟ ಅವನಿಗೆ.

ಓಂಕಾರಮೂರ್ತಿ


ಚಳ್ಳಕೆರೆ
೨೧ ಮಾರ್ಚ್ ೧೯೯೪
(ಕಾರ್ಡು)

ದಾಕ್ಷಾಯಿಣಿ,

ಎರಡು ಕಾರ್ಡಿಗೂ ಉತ್ತರವಿಲ್ಲ. ಹೆಸರು ನಾನು ಹುಡುಕಿದ್ದಕ್ಕೆ ಮುನಿಸೇ? ಇಲ್ಲಿ ಕ್ರೋಟನ್ ಕುಂಡದಲ್ಲಿ ಬೀಡಿ ತುಂಡು ಬೆಳೆದಿದೆ. ಬರಿ.

ಓಂ


ಮೊಳಕಾಲ್ಮೂರು
೧೯ ಏಪ್ರಿಲ್ ೧೯೯೪

ಅಣ್ಣಾ,

ಬರೆಯಬಾರದು ಅಂದುಕೊಂಡಿದ್ದೆ. ನೀನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಬರೆಯುವುದು ಮೇಲು.

ನಿನ್ನ ಎರಡನೇ ಕಾರ್ಡು ಮೊದಲು ಬಂತು. ಅವತ್ತು ನೇಕಾರರು ಸೀರೆ ತಂದು ಒಪ್ಪಿಸುವ ದಿನ. ಅಂಗಡಿಯ ಜಗಲಿ ತುಂಬ ಜನ. ಇವರು ಗಾದಿಯ ಮೇಲೆ ಕೂತು ಒಂದು ಸೀರೆಯ ಸೆರಗು ಬಿಚ್ಚಿ ಜರಿ ನೋಡುತ್ತಿದ್ದರು. ಅತ್ತೆಯವರು ಒಳಬಾಗಿಲಲ್ಲಿ ನಿಂತು "ಓದ್ರಿ ಕಲ್ಲೇಶಪ್ಪ, ಏನಂತಾರೆ ಚಳ್ಳಕೆರೆ ಸಾಹುಕಾರ್ರು" ಅಂದರು. ಕಲ್ಲೇಶಪ್ಪನವರ ಧ್ವನಿ ನಿನಗೆ ಗೊತ್ತಲ್ಲ, ಪುರಾಣ ಓದಿದ ಹಾಗೆ. ಪುರುಷರತ್ನ ಅಂದರು. ಗಂಡಸುತನ ಕುಂದಿದವರಿಗೆ ಅಂದರು. ಅರ್ಥವಾಗುವಷ್ಟರಲ್ಲಿ ಬಾಯಿ ಮುಂದೆ ಹೋಗಿತ್ತು, "ಬಡಪಾಯಿ ಪುರುಷರತ್ನ" ಅನ್ನುವವರೆಗೆ ನಿಲ್ಲಲಿಲ್ಲ. ಯಾರೋ ಒಬ್ಬ ಕೆಮ್ಮಿದ. ಇನ್ನೊಬ್ಬ ತೆಲುಗಿನಲ್ಲಿ "ಎವರಯ್ಯಾ ಆ ರತ್ನಂ?" ಅಂದ, ಯಾರಪ್ಪಾ ಆ ರತ್ನ ಅಂತ. ಜಗಲಿ ಇಡೀ ನಕ್ಕಿತು.

ಇವರು ನಗುವವರ ಕಡೆ ನೋಡಲಿಲ್ಲ. ಬಿಚ್ಚಿದ ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ ನಿಧಾನವಾಗಿ ಮಡಿಸಿ ಇಟ್ಟರು. ಎದ್ದು ಹಿತ್ತಲಿಗೆ ಬಂದರು. ಹಾಡಹಗಲು, ಎಲ್ಲರೂ ನೋಡುತ್ತಿರುವಾಗ, ಕಲ್ಲಿನ ಪಕ್ಕದ್ದು, ಡಬ್ಬದ್ದು, ಹರವಿಯದು, ಒಂದೂ ಬಿಡದೆ ಕಿತ್ತರು. ಆಮೇಲೆ ಹಂಡೆಯಿಂದ ಕುದಿಯುವ ನೀರು ಮೊಗೆದು ಮೊಗೆದು ಮಣ್ಣಿಗೆ ಸುರಿದರು. ನಾನು ತಡೆಯಲಿಲ್ಲ. ಅತ್ತೆಯವರು "ನಿನ್ನ ಅಣ್ಣ ಓದಿದೋನು. ನನ್ನ ಮಗನ ಮಾನನ ಊರಿಗೆಲ್ಲ ಕಾಣಂಗೆ ಕಾರ್ಡಿನ ಮ್ಯಾಲೆ ಬರ್ದವ್ನೆ" ಅಂದರು. ಅದನ್ನು ನಾನೇ ಬರೆಸಿದ್ದು ಎಂದು ಈ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಇವರೂ.

ಗೋಡೆ ಹಾರುವ ಕಳ್ಳನ ಕಾರ್ಡು ಎರಡು ದಿನದ ಮೇಲೆ ಬಂತು. ಅದನ್ನು ಯಾರೂ ಓದಿಸಲಿಲ್ಲ. ಅದರ ಮೇಲೆ ಅಂಗಡಿಯ ಬುಡ್ಡಿ ದೀಪ ಇಟ್ಟಿದ್ದರು.

ಪಾತಮ್ಮ ಹೇಳಿದ ಹೆಸರು ನಾನು ಮರೆತಿರಲಿಲ್ಲ ಅಣ್ಣಾ. ರತ್ನಪುರುಷ, ಮೊಗೋಳ್ಳ ಮಂದು, ಗಂಡಸರ ಔಷಧಿ ಅಂದಿದ್ದಳು. ಅವಳು ಅದನ್ನು ಹೇಳಿ ನಗುವಾಗ ಇವರು ಬಚ್ಚಲಲ್ಲಿದ್ದರು. ಅದಾದ ಮೇಲೆಯೇ ಗಿಡಗಳು ಕಾಣೆಯಾಗಲು ಶುರುವಾದದ್ದು. ನಿನ್ನನ್ನು ಹುಳ ಎಂದು ಕೇಳಿದಾಗ ನನಗೆ ಅರ್ಧ ಗೊತ್ತಿತ್ತು. ಒಂದು ಬೆಳಿಗ್ಗೆ ಇವರ ಉಗುರಿನ ಸಂದಿಯಲ್ಲಿ ಗರಸು ಮಣ್ಣು ಕಂಡ ಮೇಲೆ ಪೂರ್ತಿ ಗೊತ್ತಾಯಿತು. ನನಗೆ ಗೊತ್ತೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ ಹೇಳಲಾರೆ. ಅವರು ಕೀಳುತ್ತಿದ್ದರು, ನಾನು ಬಿತ್ತುತ್ತಿದ್ದೆ. ಒಬ್ಬರಿಗೊಬ್ಬರು ಏನೂ ಕೇಳಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಸೇರಿ ಮಾಡಿದ ಕೆಲಸ ಅದೊಂದೇ.

ದೋಷ ನನ್ನದಲ್ಲವೆಂದು ಅವರಿಗೆ ಒಳಗೆ ಗೊತ್ತಿತ್ತು. ಯುಗಾದಿ ಕಳೆದ ಮೇಲೆ ಅದನ್ನು ತಾಯಿಯ ಮುಂದೆ ಒಂದು ದಿನ ಹೇಳುತ್ತಾರೆ, ಶಿವರಂಜನಿಯ ಮಾತು ಅಲ್ಲಿಗೆ ನಿಲ್ಲುತ್ತದೆ ಅಂತ ಕಾದಿದ್ದೆ. ಜಗಲಿ ನಕ್ಕ ಮೇಲೆ ಯಾವ ಗಂಡಸು ಅದನ್ನು ಹೇಳುತ್ತಾನೆ? ಅವತ್ತು ಸಂಜೆಯೇ ತಳಕಿಗೆ ಹೇಳಿಕಳಿಸಿದರು. ಬರುವ ವಾರ ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಮದುವೆ.

ನನ್ನನ್ನು ಕರೆದುಕೊಂಡು ಹೋಗಲು ಬರಬೇಡ. ನಿನ್ನ ಮನೆಗೆ ಬಂದರೆ ಗಂಡ ಬಿಟ್ಟವಳು, ಇಲ್ಲಿದ್ದರೆ ಹಿರಿಯವಳು.

ದಾಕ್ಷಾಯಿಣಿ


ಚಳ್ಳಕೆರೆ
೨೨ ಏಪ್ರಿಲ್ ೧೯೯೪
(ಕಾರ್ಡು)

ದಾಕ್ಷಾಯಿಣಿ,

ಇದನ್ನು ಬೇಕೆಂದೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಕಲ್ಲೇಶಪ್ಪನವರೇ, ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿ. ಹೆಂಡತಿ ಇರುವಾಗ ಇನ್ನೊಂದು ಮದುವೆ ಕಾನೂನಿನಲ್ಲಿ ಅಪರಾಧ. ಬೆಟ್ಟದ ಮೇಲೆ ಮಾಡಿದರೂ ಅಪರಾಧವೇ. ನನ್ನ ತಂಗಿಯ ಮದುವೆಯ ದಿನ ಅವಳ ಅತ್ತೆ ಬಸವಲಿಂಗಮ್ಮನವರು ಚಪ್ಪರದ ಕೆಳಗೆ ನಿಂತು "ನಮ್ಮನೇಲಿ ಹೆಣ್ಣುಮಕ್ಕಳ ಕಣ್ಣಾಗೆ ನೀರು ಬರಲ್ಲ" ಅಂದದ್ದು ನನಗೆ ನೆನಪಿದೆ. ಪಕ್ಕದಲ್ಲಿ ಅವರ ಮಗ ನಿಂತು ಕೇಳಿಸಿಕೊಂಡದ್ದೂ ನೆನಪಿದೆ. ಡಾಕ್ಟರು ಯಾರನ್ನು ಕರೆತನ್ನಿ ಅಂದಿದ್ದರೋ ಅವರನ್ನು ಮೊದಲು ಬಳ್ಳಾರಿಗೆ ಕರೆದುಕೊಂಡು ಹೋಗಿ. ಸೋಮವಾರ ವಕೀಲರೊಂದಿಗೆ ಬರುತ್ತೇನೆ.

ಎನ್. ಓಂಕಾರಮೂರ್ತಿ


ಮೊಳಕಾಲ್ಮೂರು
೨೪ ಏಪ್ರಿಲ್ ೧೯೯೪
(ಕಾರ್ಡು)

ಅಣ್ಣನವರಿಗೆ,

ಬರಬೇಡಿ. ಕಾರ್ಡು ಓದಿದರು. ಮದುವೆಯನ್ನು ಇವತ್ತೇ ಬೆಳಿಗ್ಗೆ ಮುಗಿಸಿದರು. ಆರತಿ ನಾನೇ ಎತ್ತಿದೆ. ಕೇಸು ಹಾಕಿದರೆ ಕೋರ್ಟಿನಲ್ಲಿ ನಿಂತು ನಾನೇ ಒಪ್ಪಿ ಮಾಡಿಸಿದ್ದು ಅನ್ನುತ್ತೇನೆ. ನಾವೆಲ್ಲ ಕ್ಷೇಮ.

ದಾಕ್ಷಾಯಿಣಿ


ಚಳ್ಳಕೆರೆ
೩ ನವೆಂಬರ್ ೧೯೯೬
(ಇನ್‌ಲ್ಯಾಂಡ್)

ದಾಕ್ಷಿ,

ಎರಡೂವರೆ ವರ್ಷವಾಯಿತು. ನನ್ನ ಪತ್ರಗಳು ನಿನ್ನ ಕೈಗೆ ಬರುತ್ತವೋ ಇಲ್ಲವೋ ತಿಳಿಯದು. ಇದನ್ನು ಪಾತಮ್ಮನ ಮನೆಗೆ ಹಾಕುತ್ತಿದ್ದೇನೆ.

ಕಾವಲಿನಲ್ಲಿ ಆ ಗಿಡ ಈಗ ಇಲ್ಲ. ಮುಂಗಾರು ಬಂದಾಗ ಬೆಳಿಗ್ಗೆಯಿಂದ ಸಂಜೆವರೆಗೆ ಬಗ್ಗಿ ಹುಡುಕಿದೆ. ಗೋಣಿಗಟ್ಟಲೆ ಹೊತ್ತವರು ಈಗ ಬೇರೆ ಯಾವುದೋ ಬೇರಿನ ಹಿಂದೆ ಬಿದ್ದಿದ್ದಾರೆ. ನಮ್ಮ ಅಂಗಳದಲ್ಲಿ ಉಳಿದಿದೆ. ಕಾಯಿ ಸಿಡಿಯುವ ಮೊದಲು ಸುಲೋಚನ ತೆಳ್ಳನೆ ಬಟ್ಟೆ ಕಟ್ಟಿ ಬೀಜ ಹಿಡಿಯುತ್ತಾಳೆ. ಯಾರಿಗೆಂದು ಅವಳು ಕೇಳುವುದಿಲ್ಲ.

ಓಂಕಾರಮೂರ್ತಿ


ಮೊಳಕಾಲ್ಮೂರು
೨೬ ಜುಲೈ ೧೯೯೮

ಅಣ್ಣಾ,

ಅತ್ತೆಯವರು ಶಿವರಂಜನಿಯನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿದ್ದರು. ಅದೇ ಡಾಕ್ಟರಮ್ಮ. ಅದೇ ಮಾತು ಹೇಳಿದರಂತೆ. ಅತ್ತೆಯವರೂ ಹೊರಗೆ ಬಂದು ಅದೇ ಮಾತು ಹೇಳಿದರಂತೆ. ಈಗ ಅವಳನ್ನು ನೆರೆಹೊರೆಯ ಸೀಮಂತಕ್ಕೆ ಕಳಿಸುವುದಿಲ್ಲ. ತಮ್ಮನ ಮಗಳು ಎಂಬ ಅಕ್ಕರೆ ಹೋಗಿ ಎಷ್ಟೋ ದಿನವಾಯಿತು. "ಎರಡು ಬಂಜೆ ಎಮ್ಮೆ ಕಟ್ಟಿಕೊಂಡಿವ್ನಿ" ಅನ್ನುತ್ತಾರೆ, ನಮ್ಮಿಬ್ಬರ ಮುಂದೆಯೇ. ಇವರು ಆ ಹೊತ್ತಿಗೆ ಅಂಗಡಿಗೆ ಎದ್ದು ಹೋಗುತ್ತಾರೆ.

ಮೊನ್ನೆ ಇಬ್ಬರೂ ಬಟ್ಟೆ ಒಗೆಯುತ್ತಿದ್ದೆವು. ಅವಳು "ಅಕ್ಕಾ, ತಪ್ಪು ನಂದಾ?" ಅಂದಳು. ನನ್ನ ಬಾಯಿಗೆ ಬಂದಿತ್ತು. ಹೇಳಿದರೆ ಅವಳು ತವರಿನಲ್ಲಿ ಹೇಳುತ್ತಾಳೆ, ತವರಿನವರು ಜಗಲಿಗೆ ಬರುತ್ತಾರೆ. ಅದೊಂದು ನಗುವನ್ನು ಈ ಮನೆ ಇನ್ನೊಮ್ಮೆ ತಡೆಯಲಾರದು. "ಬಟ್ಟೆ ಹಿಂಡು" ಅಂದೆ.

ಆಗ ಅವಳೇ ತೋರಿಸಿದಳು. ಒಗೆಯುವ ಕಲ್ಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಬಿಸಿನೀರು ಇಳಿಯದ ಕಡೆ, ಒಂದು ಗಿಡ. ಒಂದೇ ಹೂ. ಬೀಜ ಯಾವಾಗ ಹಾರಿ ಬಿದ್ದಿತ್ತೋ, ಇಷ್ಟು ವರ್ಷ ಎಲ್ಲಿತ್ತೋ. "ಎಷ್ಟು ಚಂದ ಐತಲ್ಲಕ್ಕ. ಏನು ಇದರ ಹೆಸರು?" ಅಂದಳು. ಇದಕ್ಕೆ ಹೆಸರಿಲ್ಲ, ಕಾಡುಗಿಡ ಅಂದೆ. ಅವಳು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಇವರು ಬಚ್ಚಲ ಬಾಗಿಲಲ್ಲಿ ನಿಂತಿದ್ದರು.

ಮಾರನೇ ಬೆಳಿಗ್ಗೆ ಗಿಡ ಇರಲಿಲ್ಲ. ಸಂದಿಯ ಮಣ್ಣನ್ನು ಅಂಗೈಯಿಂದ ಸಮ ಮಾಡಿತ್ತು. ಶಿವರಂಜನಿ ಬಗ್ಗಿ ನೋಡಿ "ಹುಳ ತಿಂದಿರಬೇಕು ಅಕ್ಕಾ" ಅಂದಳು.

ಹೌದು, ಹುಳವೇ ಅಂದೆ.

ಬೀಜ ಇದ್ದರೆ ಕಳಿಸು. ಬಸ್ಸಿನವರ ಕೈಲಿ ಬೇಡ. ಕವರಿಗೆ ಹಾಕಿ ಗೋಂದು ಹಚ್ಚಿ ಪಾತಮ್ಮನ ಮನೆಗೆ ಕಳಿಸು. ಒಳಗೆ ಏನೂ ಬರೆಯಬೇಡ.

ದಾಕ್ಷಾಯಿಣಿ